ಕಂಪೈಲ್ ಆದ ಮೇಲೂ ಕಾಣೆಯಾಗುವ ಕ್ಲಾಸು

ಮೈನ್‌ಕ್ರಾಫ್ಟ್ ಆಟದ ಸರ್ವರ್‌ಗೆ ಪ್ಲಗಿನ್ ಬರೆಯುವವರಲ್ಲಿ ಶಾಲೆ, ಕಾಲೇಜಿನ ಹುಡುಗರೂ ಇದ್ದಾರೆ. ಬಕಿಟ್ ಎಂಬ ಜಾವಾ ಲೈಬ್ರರಿಯ ಮೇಲೆ, ಇಬ್ಬರು ಆಟಗಾರರ ನಡುವಿನ ದೂರ ಲೆಕ್ಕ ಹಾಕುವ ಒಂದು ಪುಟ್ಟ ಕ್ಲಾಸ್ ಬರೆದರು ಅನ್ನಿ. ಕಂಪೈಲ್ ಆಯಿತು. ಸರ್ವರ್‌ಗೆ ಹಾಕಿದರೆ ಓಡಿತು. ಯೂನಿಟ್ ಟೆಸ್ಟ್ ಓಡಿಸಿದ ಕೂಡಲೇ ಪರದೆಯ ತುಂಬ ಕೆಂಪಕ್ಷರ: ‘ನೋಕ್ಲಾಸ್‌ಡೆಫ್‌ಫೌಂಡ್‌ಎರರ್: ಆರ್ಗ್/ಬಕಿಟ್/ಲೊಕೇಶನ್’. ಎಡಿಟರ್‌ನಲ್ಲಿ ಕ್ಲಿಕ್ ಮಾಡಿದರೆ ತೆರೆದುಕೊಳ್ಳುವ ಕ್ಲಾಸ್ ಸಿಗುತ್ತಿಲ್ಲವೆಂದರೆ ಯಾರಿಗಾದರೂ ತಲೆ ಕೆಡುತ್ತದೆ.

ಯಂತ್ರ ಹೇಳುತ್ತಿರುವುದು ನಿಜವೇ. ಜಾವಾದಲ್ಲಿ ಕಂಪೈಲ್ ಮಾಡುವಾಗ ಬೇರೆಯವರ ಕ್ಲಾಸ್‌ಗಳು ನಮ್ಮ ಫೈಲಿನೊಳಕ್ಕೆ ಬಂದು ಸೇರುವುದಿಲ್ಲ, ಅವುಗಳ ಹೆಸರಷ್ಟೇ ದಾಖಲಾಗುತ್ತದೆ. ಓಡುವ ಹೊತ್ತಿಗೆ, ಆ ಹೆಸರು ನಿಜಕ್ಕೂ ಬೇಕಾದಾಗ ಮಾತ್ರ, ಕ್ಲಾಸ್‌ಲೋಡರ್ ಹುಡುಕಾಟಕ್ಕೆ ಇಳಿಯುತ್ತದೆ. ಮೊದಲು ತನ್ನ ಮೇಲಿನ ಲೋಡರನ್ನು ಕೇಳುತ್ತದೆ, ಅಲ್ಲಿ ಸಿಗದಿದ್ದರೆ ತನ್ನ ಪಾಲಿನ ಜಾರ್ ಫೈಲುಗಳಲ್ಲಿ ನೋಡುತ್ತದೆ. ಎಲ್ಲೂ ಇಲ್ಲವಾದರೆ ಕೈಚೆಲ್ಲುತ್ತದೆ. ಮೂರು ಟೆಸ್ಟ್ ಪಾಸಾಗಿ ನಾಲ್ಕನೆಯದು ಬೀಳುವುದು ಇದೇ ಕಾರಣಕ್ಕೆ: ಮೊದಲ ಮೂರಕ್ಕೆ ಆ ಕ್ಲಾಸ್ ಬೇಕಾಗಿರಲೇ ಇಲ್ಲ.

ಅಂದರೆ ಇಲ್ಲಿರುವುದು ಕ್ಲಾಸ್ ಹುಡುಕುವ ಜಾಗಗಳ ಎರಡು ಪಟ್ಟಿ. ಕಂಪೈಲ್ ಹೊತ್ತಿನ ಕ್ಲಾಸ್‌ಪಾತ್ ಒಂದು, ಓಡುವ ಹೊತ್ತಿನದು ಇನ್ನೊಂದು. ಸಾಮಾನ್ಯ ಪ್ರೋಗ್ರಾಮಿನಲ್ಲಿ ಇವೆರಡೂ ಹೆಚ್ಚುಕಮ್ಮಿ ಒಂದೇ ಆಗಿರುವುದರಿಂದ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಪ್ಲಗಿನ್ ಹಾಗಲ್ಲ. ಮದುವೆಗೆ ಬರುವ ಅಡುಗೆ ಭಟ್ಟರು ತಮ್ಮ ಸೌಟು, ಜಾಲರಿ ತರುತ್ತಾರೆ, ಕೊಪ್ಪರಿಗೆ ಛತ್ರದ್ದು. ಹಾಗೆಯೇ ಬಕಿಟ್ ಲೈಬ್ರರಿಯನ್ನು ಕೊಡುವುದು ಸರ್ವರ್, ಆದ್ದರಿಂದ ಪ್ಲಗಿನ್ ಅದನ್ನು ಹೊತ್ತು ತರಬಾರದು. ಟೆಸ್ಟ್ ಓಡುವಾಗಲೋ, ಸರ್ವರ್ ಎಂಬುದೇ ಇರುವುದಿಲ್ಲ.

ಪ್ರಾಜೆಕ್ಟ್ ಕಟ್ಟಲು ಗ್ರೇಡಲ್ ಎಂಬ ಸಲಕರಣೆ ಬಳಸುವವರು ಇಂಥ ಲೈಬ್ರರಿಯನ್ನು ‘ಕಂಪೈಲ್‌ಓನ್ಲಿ’ ಎಂದು ಬರೆಯುತ್ತಾರೆ. ಅದು ಸರಿಯೇ. ಆದರೆ ಹಾಗೆ ಬರೆದದ್ದು ಟೆಸ್ಟ್‌ಗಳ ಪಟ್ಟಿಗೆ ಬರುವುದಿಲ್ಲ. ಅದೇ ಲೈಬ್ರರಿಯನ್ನು ‘ಟೆಸ್ಟ್‌ಇಂಪ್ಲಿಮೆಂಟೇಶನ್’ ಎಂದು ಇನ್ನೊಂದು ಸಾಲಿನಲ್ಲಿ ಸೇರಿಸಬೇಕು. ಅಂಥದೇ ಇನ್ನೊಂದು ಸಲಕರಣೆಯಾದ ಮೇವನ್‌ನ ‘ಪ್ರೊವೈಡೆಡ್’ ಸ್ಕೋಪ್ ನೋಡಲು ಇದರ ಅಣ್ಣತಮ್ಮನಂತೆ ಕಂಡರೂ ಟೆಸ್ಟ್‌ಗೂ ಲೈಬ್ರರಿ ಒದಗಿಸುತ್ತದೆ. ಮೇವನ್‌ನಲ್ಲಿ ಹಸಿರಾಗಿದ್ದ ಪ್ರಾಜೆಕ್ಟ್ ಗ್ರೇಡಲ್‌ಗೆ ಬಂದ ದಿನವೇ ಕೆಂಪಾಗುವುದಕ್ಕೆ ಇದೊಂದು ಸಾಮಾನ್ಯ ಕಾರಣ.

ಆ ಸಾಲು ಸೇರಿಸಿದ ಮೇಲೂ ಕೆಲವು ಟೆಸ್ಟ್‌ಗಳು ಬೀಳುತ್ತವೆ, ಈಗ ನಲ್‌ಪಾಯಿಂಟರ್ ಎಂದು. ಬಕಿಟ್ ಲೈಬ್ರರಿಯಲ್ಲಿ ಬಹುಪಾಲು ಇರುವುದು ಇಂಟರ್‌ಫೇಸ್‌ಗಳು, ಅವುಗಳ ಹಿಂದೆ ಕೆಲಸ ಮಾಡುವ ಕೋಡ್ ಸರ್ವರ್‌ನದು. ಸರ್ವರ್ ಎಲ್ಲಿ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಅಂಥ ಕಡೆ ಮಾಕ್‌ಬಕಿಟ್‌ನಂಥ ನಕಲಿ ಸರ್ವರ್ ಬೇಕು. ನನ್ನ ಅಭಿಪ್ರಾಯ ಕೇಳಿದರೆ, ದೂರ ಲೆಕ್ಕ ಹಾಕುವ ಕೆಲಸಕ್ಕೆ ಬಕಿಟ್‌ನ ಹಂಗೇ ಬೇಡ. ಒಬ್ಬೊಬ್ಬರ ಸ್ಥಾನಕ್ಕೆ ಮೂರು ಸಂಖ್ಯೆ ತೆಗೆದುಕೊಳ್ಳುವ ಸಾದಾ ಕ್ಲಾಸ್ ಸಾಕು.

ದೋಷದ ಸಂದೇಶವನ್ನು ಓದುವ ತಾಳ್ಮೆ ಇದ್ದರೆ ಅರ್ಧ ಕೆಲಸ ಮುಗಿಯಿತು. ನೋಕ್ಲಾಸ್‌ಡೆಫ್‌ಫೌಂಡ್‌ಎರರ್‌ನಲ್ಲಿ ಕ್ಲಾಸಿನ ಹೆಸರು ಓರೆಗೆರೆಗಳೊಂದಿಗೆ ಬರುತ್ತದೆ. ಕಂಪೈಲ್ ಆದ ಕೋಡ್ ಒಳಗಿನಿಂದ ಕೇಳಿದ್ದು ಸಿಗಲಿಲ್ಲ ಎಂದು ಅದರ ಅರ್ಥ. ಅದರ ಕೆಳಗೆ ಹಲವು ಸಲ ‘ಕಾಸ್ಡ್ ಬೈ’ ಎಂಬ ಸಾಲಿನಲ್ಲಿ ಕ್ಲಾಸ್‌ನಾಟ್‌ಫೌಂಡ್‌ಎಕ್ಸೆಪ್ಶನ್ ಇರುತ್ತದೆ, ಅದೇ ಹೆಸರು ಈ ಬಾರಿ ಚುಕ್ಕೆಗಳೊಂದಿಗೆ. ಈ ಎಕ್ಸೆಪ್ಶನ್ ಒಂದೇ ಬಂದರೆ, ಯಾರೋ ಹೆಸರನ್ನು ಪಠ್ಯವಾಗಿ ಕೊಟ್ಟು ಹುಡುಕಿಸಿದ್ದಾರೆ ಎಂದಾಯಿತು. ಕಾನ್ಫಿಗರೇಶನ್ ಫೈಲಿನಲ್ಲಿ ಅಕ್ಷರ ತಪ್ಪಿದೆಯೇ ನೋಡಿ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ‘ಕುಡ್ ನಾಟ್ ಇನಿಶಿಯಲೈಸ್ ಕ್ಲಾಸ್’ ಎಂಬ ಬಾಲ ಅಂಟಿಸಿಕೊಂಡು ಬರುವ ನೋಕ್ಲಾಸ್‌ಡೆಫ್. ಇಲ್ಲಿ ಕ್ಲಾಸ್ ಸಿಕ್ಕಿರುತ್ತದೆ. ಅದರ ಸ್ಟ್ಯಾಟಿಕ್ ಭಾಗ ಮೊದಲ ಸಲ ಓಡುವಾಗಲೇ ಮುಗ್ಗರಿಸಿರುತ್ತದೆ. ಜಾವಾ ಆ ಕ್ಲಾಸನ್ನು ಕೆಟ್ಟದ್ದೆಂದು ಗುರುತು ಹಾಕಿಕೊಂಡು, ಮುಂದೆ ಯಾರು ಕೇಳಿದರೂ ಇದೇ ಉತ್ತರ ಕೊಡುತ್ತದೆ. ಇಪ್ಪತ್ತು ಟೆಸ್ಟ್ ಬಿದ್ದಿದ್ದರೆ ಸಾಮಾನ್ಯವಾಗಿ ನಿಜವಾದ ಕಾರಣ ಮೊದಲು ಬಿದ್ದದ್ದರಲ್ಲಿ ಮಾತ್ರ ಇರುತ್ತದೆ. ಜಾರ್ ಹುಡುಕುತ್ತ ಕೂತರೆ ದಿನ ಕಳೆದೀತು.

ಎಕ್ಲಿಪ್ಸ್ ಎಂಬ ಕೋಡ್ ಎಡಿಟರಿನ ಪ್ಲಗಿನ್ ಜಗತ್ತು ಇನ್ನೂ ಬಿಗಿ. 2004ರಲ್ಲಿ ಬಂದ 3.0 ಆವೃತ್ತಿಯಿಂದ ಅದು ನಿಂತಿರುವುದು ಓಎಸ್‌ಜಿಐ ವ್ಯವಸ್ಥೆಯ ಮೇಲೆ. ಪ್ರತಿ ಪ್ಲಗಿನ್‌ಗೂ ಅದರದೇ ಕ್ಲಾಸ್‌ಲೋಡರ್. ಮ್ಯಾನಿಫೆಸ್ಟ್ ಫೈಲಿನಲ್ಲಿ ಬೇಕೆಂದು ಬರೆಯದ ಪ್ಯಾಕೇಜ್, ಪಕ್ಕದ ಪ್ಲಗಿನ್‌ನಲ್ಲೇ ಇದ್ದರೂ, ಕಣ್ಣಿಗೆ ಬೀಳುವುದಿಲ್ಲ. ಟೆಸ್ಟ್ ಓಡಿಸುವ ಜೆಯೂನಿಟ್ ಲೈಬ್ರರಿಯ ಮಾಮೂಲಿ ಓಟದಲ್ಲಿ ಈ ಗೋಡೆಗಳಿಲ್ಲ. ಹಾಗಾಗಿ ಅಲ್ಲಿ ಪಾಸಾದದ್ದು ‘ಜೆಯೂನಿಟ್ ಪ್ಲಗಿನ್ ಟೆಸ್ಟ್’ ಎಂದು ಓಡಿಸಿದಾಗ ಬೀಳಬಹುದು. ಜೆಯೂನಿಟ್ ಬರೆದ ಇಬ್ಬರಲ್ಲಿ ಒಬ್ಬರಾದ ಎರಿಕ್ ಗಾಮಾ ಅವರೇ ಮುಂದೆ ಎಕ್ಲಿಪ್ಸ್‌ನ ಜಾವಾ ಸಲಕರಣೆಗಳ ತಂಡವನ್ನು ಮುನ್ನಡೆಸಿದರು. ಆದರೂ ಈ ತೊಡಕು ತಪ್ಪಲಿಲ್ಲ.

ಕೆಲವೊಮ್ಮೆ ಕ್ಲಾಸ್ ನಿಜಕ್ಕೂ ಹೊರಟುಹೋಗಿರುತ್ತದೆ. 2018ರ ಜಾವಾ 11ರಲ್ಲಿ ಎಕ್ಸ್‌ಎಂಎಲ್ ಕೆಲಸದ ಜೆಎಎಕ್ಸ್‌ಬಿ ಭಾಗವನ್ನು ಮೂಲ ಕಟ್ಟಿನಿಂದಲೇ ತೆಗೆದುಹಾಕಿದರು. ಜಾವಾ 8ರಲ್ಲಿ ನೆಮ್ಮದಿಯಾಗಿದ್ದ ಹಳೆಯ ಪ್ಲಗಿನ್‌ಗಳು ಒಮ್ಮೆಲೇ ಮುಗ್ಗರಿಸಿದವು. ಈಗ ಅದನ್ನು ಬೇರೆ ಲೈಬ್ರರಿಯಾಗಿ ಸೇರಿಸಿಕೊಳ್ಳಬೇಕು.

ಇಂಥ ದೋಷ ಬಂದಾಗ ಇಂಟರ್ನೆಟ್ಟಿನಿಂದ ಸಿಕ್ಕ ಜಾರ್ ಇಳಿಸಿ ತುರುಕುವ ಚಾಳಿ ಬಿಡಿ. ಅದರಿಂದ ಒಂದೇ ಕ್ಲಾಸಿನ ಎರಡು ಆವೃತ್ತಿ ಸೇರಿಕೊಂಡು, ಇನ್ನೂ ಗೋಜಲಾದ ನೋಸಚ್‌ಮೆಥಡ್‌ಎರರ್ ಹುಟ್ಟಬಹುದು. ಗ್ರೇಡಲ್‌ನಲ್ಲಿ ‘ಡಿಪೆಂಡೆನ್ಸೀಸ್’ ಆದೇಶಕ್ಕೆ ‘ಟೆಸ್ಟ್‌ರನ್‌ಟೈಮ್‌ಕ್ಲಾಸ್‌ಪಾತ್’ ಎಂದು ಕೊಟ್ಟು, ಇಲ್ಲವೇ ಮೇವನ್‌ನಲ್ಲಿ ‘ಡಿಪೆಂಡೆನ್ಸಿ ಟ್ರೀ’ ಓಡಿಸಿ, ಆ ಲೈಬ್ರರಿ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ. ಇದ್ದೂ ಸಿಗುತ್ತಿಲ್ಲವಾದರೆ ಜಾವಾಗೆ ‘ವರ್ಬೋಸ್ ಕ್ಲಾಸ್’ ಸೂಚನೆ ಕೊಡಿ. ಯಾವ ಕ್ಲಾಸನ್ನು ಯಾವ ಜಾರ್‌ನಿಂದ ತಂದೆನೆಂದು ಅದು ಒಂದೊಂದಾಗಿ ಬರೆದು ತೋರಿಸುತ್ತದೆ.