ಮೈದಾ, ಮೊಟ್ಟೆ, ಬೆಣ್ಣೆ ಇಲ್ಲದ ರಾಗಿ ಚಾಕೊಲೇಟ್ ಕೇಕ್

ರಾಮನಗರ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಭಾಗದಲ್ಲಿ ಮುದ್ದೆಯಾಗಿ ನಿತ್ಯ ಉಣ್ಣುವ ರಾಗಿಯಲ್ಲಿ ಗ್ಲುಟೆನ್ ಇಲ್ಲ. ಗೋಧಿಯಲ್ಲಿರುವ ಈ ಅಂಟು ಪ್ರೋಟೀನ್ ಸೀಲಿಯಾಕ್ ರೋಗಿಗಳ ಸಣ್ಣ ಕರುಳಿಗೆ ಹಾನಿ ಮಾಡುವುದರಿಂದ ಅವರಿಗೆ ಮೈದಾ ಕೇಕ್ ನಿಷಿದ್ಧ. ಅಂಥವರ ಹುಟ್ಟುಹಬ್ಬಕ್ಕೆ ರಾಗಿ ಕೇಕ್ ಒದಗಿಬರುತ್ತದೆ.

ಅಂಟಿಲ್ಲದ ಹಿಟ್ಟಿನ ಕೇಕ್ ಪುಡಿಯಾಗುವುದು ಸಹಜ. ಅದಕ್ಕಾಗಿ 2 ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು 6 ಚಮಚ ನೀರಿನಲ್ಲಿ 10 ನಿಮಿಷ ನೆನೆಸಬೇಕು. ಮೊಟ್ಟೆಯ ಬದಲಿಗೆ ಈ ಲೋಳೆಯೇ ಹಿಟ್ಟನ್ನು ಹಿಡಿದಿಡುತ್ತದೆ. ಜರಡಿ ಹಿಡಿದ ರಾಗಿ ಹಿಟ್ಟು ಒಂದೂವರೆ ಕಪ್, ಕೋಕೋ ಪುಡಿ ಅರ್ಧ ಕಪ್, ಬೆಲ್ಲದ ಪುಡಿ 1 ಕಪ್, ಅಡುಗೆ ಸೋಡಾ 1 ಟೀ ಚಮಚ, ತೆಂಗಿನ ಹಾಲು ಒಂದೂಕಾಲು ಕಪ್, ಎಣ್ಣೆ ಅರ್ಧ ಕಪ್ ಇದರೊಂದಿಗೆ ಕಲಸಿ, ಕೊನೆಗೆ 1 ದೊಡ್ಡ ಚಮಚ ನಿಂಬೆರಸ ಬೆರೆಸಬೇಕು. ಹುಳಿಯೂ ಸೋಡಾವೂ ಕೂಡಿ ಹುಟ್ಟುವ ಅನಿಲ ಕೇಕನ್ನು ಉಬ್ಬಿಸುತ್ತದೆ. ಆದ್ದರಿಂದ ತಡಮಾಡದೆ 6 ಅಂಗುಲದ ಎರಡು ಪಾತ್ರೆಗಳಲ್ಲಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 30 ನಿಮಿಷ ಬೇಯಿಸಬೇಕು.

ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜವನ್ನು ಎಣ್ಣೆ ಬಿಡುವವರೆಗೆ ಅರೆದು, ಬೆಲ್ಲದ ಪುಡಿ ಹಾಗೂ ಕೋಕೋ ಸೇರಿಸಿ, ಪೂರ್ಣ ಆರಿದ ಪದರಗಳ ನಡುವೆ ಮತ್ತು ಮೇಲೆ ಸವರಬೇಕು.

ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿದರೆ ಗ್ಲುಟೆನ್ ಬೆರೆಯುತ್ತದೆ. ಸೀಲಿಯಾಕ್ ರೋಗಿಗಳಿರುವ ಮನೆಯವರು ರಾಗಿಯನ್ನು ಆರಿಸಿ, ತೊಳೆದು, ಒಣಗಿಸಿ ಮನೆಯಲ್ಲೇ ಹಿಟ್ಟು ಮಾಡಿಕೊಳ್ಳುವುದು ಕ್ಷೇಮ.