ಜಗತ್ತು ಎಷ್ಟು ಚಿಕ್ಕದು?

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟ ರೈಲಿನಲ್ಲಿ ಅಪರಿಚಿತರಿಬ್ಬರು ಎದುರುಬದುರಾಗಿ ಕುಳಿತಿದ್ದಾರೆಂದು ಭಾವಿಸೋಣ. ತುಮಕೂರು ದಾಟುವವರೆಗೂ ಮೌನ. ಅರಸೀಕೆರೆಯಲ್ಲಿ ಕಾಫಿ ಕುಡಿಯುವಾಗ "ತಮ್ಮ ಊರು ಯಾವುದಾಯಿತು?" ಎಂಬ ಪ್ರಶ್ನೆಯಿಂದ ಮಾತು ಮೊದಲಾಗುತ್ತದೆ. ಒಬ್ಬರು ಹಾವೇರಿಯ ಕಡೆಯ ಉಪಾಧ್ಯಾಯರು. ಇನ್ನೊಬ್ಬರು ರೇಷ್ಮೆ ಇಲಾಖೆಯ ನೌಕರರು. ರೈಲು ಬೀರೂರನ್ನು ತಲಪುವ ವೇಳೆಗೆ, ಉಪಾಧ್ಯಾಯರ ಸಹಪಾಠಿಯೇ ಇವರ ಮೇಲಧಿಕಾರಿಯೆಂಬುದು ತಿಳಿದುಬರುತ್ತದೆ. "ಜಗತ್ತು ಎಷ್ಟು ಚಿಕ್ಕದು ನೋಡಿ ಸ್ವಾಮಿ!" ಎಂದು ಇಬ್ಬರೂ ಬೆರಗಾಗುತ್ತಾರೆ.

ಇಂಥ ಅನುಭವ ಯಾರಿಗೆ ತಾನೆ ಆಗಿಲ್ಲ? ಇದನ್ನು ಋಣಾನುಬಂಧವೆಂದು ಹೇಳಿ ಸುಮ್ಮನಾಗುವುದು ವಾಡಿಕೆ. ಆದರೆ ಈ ಬೆರಗಿನ ಹಿಂದೆ ಸ್ವಾರಸ್ಯವಾದ ಗಣಿತವೊಂದು ಅಡಗಿದೆ.

ಮೊದಲು ಸರಳವಾದ ಲೆಕ್ಕವೊಂದನ್ನು ಮಾಡೋಣ. ಪ್ರತಿಯೊಬ್ಬನಿಗೂ ೫೦೦ ಮಂದಿಯ ಪರಿಚಯವಿದೆಯೆಂದು ಇಟ್ಟುಕೊಳ್ಳೋಣ. ಆ ೫೦೦ ಮಂದಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ೫೦೦ ಮಂದಿ ಪರಿಚಿತರಿದ್ದರೆ, ಪರಿಚಿತರ ಪರಿಚಿತರು ೨,೫೦,೦೦೦ ಆಗುತ್ತಾರೆ. ೨೦೧೧ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ ಸುಮಾರು ೬.೧೧ ಕೋಟಿ. ಅಂದರೆ ರಾಜ್ಯದಲ್ಲಿ ಎದುರಾಗುವ ಸುಮಾರು ೨೪೪ ಅಪರಿಚಿತರಲ್ಲಿ ಒಬ್ಬನು ನಮ್ಮ ಪರಿಚಿತರ ಪರಿಚಿತನಾಗಿರಬೇಕು. ಇನ್ನೊಂದು ಹೆಜ್ಜೆ ಮುಂದಿಟ್ಟರೆ ಸಂಖ್ಯೆ ೧೨.೫ ಕೋಟಿಗೆ ಏರುತ್ತದೆ. ಇದು ರಾಜ್ಯದ ಜನಸಂಖ್ಯೆಯ ಇಮ್ಮಡಿ!

ಆದರೆ ಈ ಲೆಕ್ಕದಲ್ಲಿ ಒಂದು ದೋಷವಿದೆ. ನನ್ನ ಮಿತ್ರರು ಬಹುಮಟ್ಟಿಗೆ ತಮ್ಮತಮ್ಮಲ್ಲಿಯೂ ಮಿತ್ರರೇ. ಒಂದೇ ಬೀದಿ, ಒಂದೇ ಶಾಲೆ, ಒಂದೇ ಬಂಧುಬಳಗ. ಹೀಗಾಗಿ ಎಣಿಸಿದವರನ್ನೇ ಮತ್ತೆ ಮತ್ತೆ ಎಣಿಸಿದಂತಾಗುತ್ತದೆ. ಎಲ್ಲರೂ ತಮ್ಮ ತಮ್ಮ ಗುಂಪಿನೊಳಗೇ ಇರುವಾಗ ದೂರದ ಇಬ್ಬರ ನಡುವಣ ಸರಪಣಿ ಚಿಕ್ಕದಾಗುವುದು ಹೇಗೆ?

ಈ ಒಗಟನ್ನು ಬಿಡಿಸಿದವರು ಡಂಕನ್ ವಾಟ್ಸ್ ಮತ್ತು ಸ್ಟೀವನ್ ಸ್ಟ್ರೋಗಾಟ್ಸ್ ಎಂಬ ವಿಜ್ಞಾನಿಗಳು (೧೯೯೮). ಒಂದು ಸಾವಿರ ಜನರು ಬಳೆಯಾಕಾರವಾಗಿ ನಿಂತಿದ್ದಾರೆನ್ನಿ. ಪ್ರತಿಯೊಬ್ಬನೂ ಬಲಕ್ಕೆ ಐವರನ್ನು, ಎಡಕ್ಕೆ ಐವರನ್ನು ಮಾತ್ರ ಬಲ್ಲನು. ಒಬ್ಬನಿಂದ ಎದುರುಬದಿಯವನಿಗೆ ಸುದ್ದಿ ತಲಪಲು ೧೦೦ ಕೈ ಬದಲಾಗಬೇಕು. ಸರಾಸರಿ ದೂರ ಸುಮಾರು ೫೦. ಈಗ ನೂರು ಪರಿಚಯಗಳಲ್ಲಿ ಒಂದನ್ನು ಮಾತ್ರ ಕಿತ್ತು, ಬಳೆಯ ಇನ್ನಾವುದೋ ಮೂಲೆಯವನಿಗೆ ಜೋಡಿಸೋಣ. ನೆರೆಹೊರೆಯ ಗುಂಪುಗಳು ಹೆಚ್ಚು ಕಡಮೆ ಹಾಗೆಯೇ ಉಳಿಯುತ್ತವೆ. ಆದರೆ ಸರಾಸರಿ ದೂರ ಅರ್ಧಕ್ಕಿಂತಲೂ ಬಹಳ ಕೆಳಗೆ ಇಳಿದುಬಿಡುತ್ತದೆ. ಆ ಒಂದೆರಡು ದೂರದ ಪರಿಚಯಗಳು ಕಾಲುದಾರಿಗಳಂತೆ ಎಲ್ಲರ ಪ್ರಯಾಣವನ್ನೂ ಮೊಟಕು ಮಾಡುತ್ತವೆ. ಸಾಂಕ್ರಾಮಿಕ ರೋಗಗಳು ಊರಿಂದೂರಿಗೆ ಬೇಗನೆ ಹಬ್ಬುವುದೂ ಇವೇ ಕಾಲುದಾರಿಗಳಿಂದ.

ಇದಕ್ಕೆ ಮೊದಲೇ ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಈ ವಿಷಯವನ್ನು ಪ್ರಯೋಗಕ್ಕೆ ಒಡ್ಡಿದ್ದನು. ಅವನೂ ಜೆಫ್ರಿ ಟ್ರಾವರ್ಸನೂ ೧೯೬೯ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೆಬ್ರಾಸ್ಕ ಹಾಗೂ ಬಾಸ್ಟನ್ನಿನ ೨೯೬ ಮಂದಿಗೆ ಒಂದೊಂದು ಲಕೋಟೆಯನ್ನು ಕೊಡಲಾಯಿತು. ಅದು ಬಾಸ್ಟನ್ನಿನಲ್ಲಿ ಕೆಲಸಮಾಡುವ ಒಬ್ಬ ಷೇರು ದಲ್ಲಾಳಿಯನ್ನು ಮುಟ್ಟಬೇಕು. ಆದರೆ ಪ್ರತಿಯೊಬ್ಬನೂ ಹೆಸರು ಹಿಡಿದು ಕರೆಯುವಷ್ಟು ಪರಿಚಯವಿದ್ದವನಿಗೆ ಮಾತ್ರ ಅದನ್ನು ದಾಟಿಸಬಹುದು. ಗುರಿ ಮುಟ್ಟಿದ ಲಕೋಟೆಗಳ ನಡುವೆ ಇದ್ದ ಮಧ್ಯವರ್ತಿಗಳು ಸರಾಸರಿ ಐವರಿಗಿಂತ ತುಸು ಹೆಚ್ಚು.

ಈ ಫಲಿತಾಂಶ ಜಗತ್ಪ್ರಸಿದ್ಧವಾಯಿತು. ಅಷ್ಟಾಗಿ ಪ್ರಸಿದ್ಧವಾಗದ ಸಂಗತಿಯೆಂದರೆ, ೨೯೬ರಲ್ಲಿ ಗುರಿ ಮುಟ್ಟಿದವು ೬೪ ಮಾತ್ರ. ಉಳಿದವು ಯಾರದೋ ಕೈಯಲ್ಲಿ ನಿಂತುಹೋದವು. ದಾರಿ ಇರುವುದು ಬೇರೆ, ಆ ದಾರಿಯಲ್ಲಿ ನಡೆಯುವುದು ಬೇರೆ. ನಮ್ಮ ರೈಲಿನ ಬೆರಗನ್ನೂ ಇದೇ ಎಚ್ಚರದಿಂದ ನೋಡಬೇಕು. ಸಂಬಂಧ ಕಂಡುಬಂದ ಒಂದು ಪ್ರಯಾಣವನ್ನು ನಾವು ಜೀವಮಾನವಿಡೀ ನೆನೆಯುತ್ತೇವೆ. ಏನೂ ಕಂಡುಬಾರದ ನೂರು ಪ್ರಯಾಣಗಳನ್ನು ಮರೆಯುತ್ತೇವೆ. ಅಲ್ಲದೆ ಒಂದೇ ಡಬ್ಬಿಯಲ್ಲಿ ಕುಳಿತವರು ಒಂದೇ ಸೀಮೆಯವರು, ಒಂದೇ ಬಗೆಯ ವೃತ್ತಿಯವರು ಆಗಿರುವುದೂ ಉಂಟು. ಕೂಲಿಗೆಂದು ಹೊರಟ ಹಳ್ಳಿಯ ತರುಣನಿಗೂ ಮೇಲಧಿಕಾರಿಗೂ ನಡುವಣ ಸರಪಣಿ ಇಷ್ಟು ಸುಲಭವಾಗಿ ಹೊರಬೀಳದು.

ಈ ಕಾಲುದಾರಿಗಳ ಬೆಲೆಯೇನೆಂಬುದನ್ನು ಸಮಾಜವಿಜ್ಞಾನಿ ಮಾರ್ಕ್ ಗ್ರಾನೊವೆಟರ್ ೧೯೭೩ರಲ್ಲಿ ತೋರಿಸಿದನು. ಪರಿಚಿತರ ಮೂಲಕ ಉದ್ಯೋಗ ದೊರಕಿಸಿಕೊಂಡವರನ್ನು ಬಾಸ್ಟನ್ನಿನ ಸಮೀಪದಲ್ಲಿ ವಿಚಾರಿಸಿದಾಗ, ನೂರಕ್ಕೆ ಸುಮಾರು ೧೭ ಮಂದಿಗೆ ಮಾತ್ರ ಪದೇ ಪದೇ ಕಾಣುವವರಿಂದ ಸುದ್ದಿ ಬಂದಿತ್ತು. ಉಳಿದವರಿಗೆ ನೆರವಾದವರು ಆಗೊಮ್ಮೆ ಈಗೊಮ್ಮೆ ಕಾಣುವವರು. ಕಾರಣ ಸ್ಪಷ್ಟ: ಆಪ್ತಮಿತ್ರರು ಬಲ್ಲದ್ದನ್ನು ನಾವೂ ಬಲ್ಲೆವು; ಹೊಸ ಸುದ್ದಿ ಬರುವುದು ಹೊರಗಿನಿಂದ.

೧೮೯೩ರಲ್ಲಿ ಜಪಾನಿನಿಂದ ಅಮೆರಿಕದ ಕಡೆಗೆ ಹೊರಟ ಹಡಗಿನಲ್ಲಿ ಸ್ವಾಮಿ ವಿವೇಕಾನಂದರೂ ಜಮ್‌ಷೇಟ್‌ಜಿ ಟಾಟಾ ಅವರೂ ಸಹಪ್ರಯಾಣಿಕರಾಗಿದ್ದರು. ಐದು ವರ್ಷಗಳ ತರುವಾಯ, ೧೮೯೮ರ ನವೆಂಬರಿನಲ್ಲಿ, ಟಾಟಾ ಅವರು ಆ ಪರಿಚಯವನ್ನು ನೆನಪಿಸಿ, ತಾವು ಯೋಚಿಸಿದ್ದ ವಿಜ್ಞಾನ ಸಂಶೋಧನ ಸಂಸ್ಥೆಗಾಗಿ ಸ್ವಾಮಿಗಳ ನೆರವನ್ನು ಕೋರಿ ಪತ್ರ ಬರೆದರು. ೧೯೦೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯೇ ಆ ಯೋಚನೆಯ ಫಲ. ಆ ಭೇಟಿಯೊಂದರಿಂದಲೇ ಸಂಸ್ಥೆ ಹುಟ್ಟಿತೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಹಡಗಿನ ಪರಿಚಯವನ್ನು ಐದು ವರ್ಷಗಳಾದರೂ ಮರೆಯದೆ, ಪತ್ರ ಬರೆದ ಕೈ ಒಂದಿತ್ತೆಂಬುದು ದಿಟ.

ಆಕಸ್ಮಿಕವಾದ ಭೇಟಿ ನಮ್ಮ ಕೈಯಲ್ಲಿಲ್ಲ. ಎದುರಿಗೆ ಕುಳಿತವರನ್ನು ಮಾತನಾಡಿಸುವುದೂ, ಕೈಗೆ ಬಂದ ಲಕೋಟೆಯನ್ನು ಮುಂದಕ್ಕೆ ದಾಟಿಸುವುದೂ ನಮ್ಮ ಕೈಯಲ್ಲಿವೆ.