ಅಜ್ಜಾವರದಲ್ಲಿ ಚಾರ್ಜಿಗಿಟ್ಟ ಸ್ಕೂಟರು

ಅಜ್ಜಾವರದ ನನ್ನ ಭಾವನ ಮನೆಯ ಹಿಂದೆ, ಬಚ್ಚಲು ಗೋಡೆಯ ಪಕ್ಕ, ಒಂದು ಸಣ್ಣ ಗುಂಡಿ ಉಂಟು. ಬೇಸಿಗೆಯಲ್ಲಿ ದಿನಾ ಸಂಜೆ ಭಾವ ಅದಕ್ಕೊಂದು ಕೊಡಪಾನ ನೀರು ಹೊಯ್ಯುತ್ತಾರೆ. ಅಲ್ಲಿ ಮಲ್ಲಿಗೆಯೂ ಇಲ್ಲ, ಬಾಳೆಯೂ ಇಲ್ಲ. ಅದು ಅರ್ತಿಂಗ್ ಗುಂಡಿ. ನಮ್ಮ ಮುರಕಲ್ಲಿನ ನೆಲ ಫೆಬ್ರವರಿ ದಾಟಿದರೆ ಒಣಗಿ ಬೆಂಡಾಗುತ್ತದೆ. ಅರ್ತ್ ಸರಿಯಾಗಿ ಸಿಗದಿದ್ದರೆ ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗಿಬಿಡುತ್ತದೆ. ಫ್ರಿಜ್ಜು, ಮಿಕ್ಸಿ, ಪಂಪು ಇಷ್ಟು ವರ್ಷ ಕೇಳದೇ ಇದ್ದ ಪ್ರಶ್ನೆಯನ್ನು ಈ ಹೊಸ ಗಾಡಿ ಬಂದ ಮೊದಲ ವಾರವೇ ಕೇಳಿತು.

"ಅಡಿಕೆಮರಕ್ಕಿಂತ ಇದಕ್ಕೇ ಹೆಚ್ಚು ನೀರು ಬೇಕು ಭಾವ," ಎಂದು ಅವರು ನಗುತ್ತಾರೆ.

ಅಜ್ಜಾವರವೆಂದರೆ ಸುಳ್ಯ ಪೇಟೆಯಿಂದ ಪಯಸ್ವಿನಿ ದಾಟಿ ಐದಾರು ಕಿಲೋಮೀಟರ್. ಮುಂದೆ ಮಂಡೆಕೋಲು, ಅದರಾಚೆ ಕೇರಳ. ಒಂದು ಗುಡ್ಡೆಗೊಂದು ಮನೆ, ಮನೆಯ ಕೆಳಗೆ ತೋಟ, ತೋಟಕ್ಕೊಂದು ಪಂಪು. ಇಂಥ ಊರಿಗೆ ಬ್ಯಾಟರಿ ಗಾಡಿ ಹೊಂದುವುದಿಲ್ಲ ಎಂದು ಹೇಳುವವರೆಲ್ಲ ಮೊದಲು ಚಡವನ್ನೇ, ಕಡಿದಾದ ಏರನ್ನೇ, ತೋರಿಸುತ್ತಾರೆ. ನಾನೂ ಹಾಗೇ ನಂಬಿದ್ದೆ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ಗಾಡಿ, ಸವಾರ, ಹಿಂದೆ ಒಂದು ಮೂಟೆ ಹಿಂಡಿ, ಒಟ್ಟು ಇನ್ನೂರು ಕಿಲೋ ಎಂದಿಟ್ಟುಕೊಳ್ಳಿ. ಅದನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಒಂದು ಯೂನಿಟ್ಟಿನ ಹದಿನೆಂಟನೇ ಒಂದು ಪಾಲು. ಮೋಟಾರಿನ ನಷ್ಟ ಸೇರಿಸಿದರೂ ಸಪಾಟು ರಸ್ತೆಯ ಎರಡು ಮೂರು ಕಿಲೋಮೀಟರಿನ ಖರ್ಚು. ಇಳಿಯುವಾಗ ಅದರಲ್ಲಿ ಒಂದಿಷ್ಟು ಬ್ಯಾಟರಿಗೆ ವಾಪಸು ಬರುತ್ತದೆ. ಪೆಟ್ರೋಲ್ ಬೈಕು ಇಳಿಜಾರಿನಲ್ಲಿ ಟ್ಯಾಂಕು ತುಂಬಿಸಿದ್ದನ್ನು ಯಾರೂ ಕಂಡಿಲ್ಲ. ಕಂಪನಿ ಹೇಳಿದಷ್ಟು ದೂರ ಇಲ್ಲಿ ಓಡುವುದಿಲ್ಲ ಎಂಬುದು ನಿಜ. ಆದರೆ ಸೊಸೈಟಿಗೆ ಹಾಲು ಕೊಟ್ಟು, ಪೇಟೆಗೆ ಹೋಗಿ, ಮಕ್ಕಳನ್ನು ಶಾಲೆಯಿಂದ ಕರೆತಂದರೂ ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಮೀರುವುದಿಲ್ಲ.

ತೊಡಕು ಇರುವುದು ತಂತಿಯಲ್ಲಿ.

ಟ್ರಾನ್ಸ್‌ಫಾರ್ಮರಿನಿಂದ ಮನೆಗೆ ಲೈನು ತೋಟ ದಾಟಿ, ಕಾಡಂಚು ಹಿಡಿದು ಬರಬೇಕು. ಫೆಬ್ರವರಿಯಿಂದ ಮೇವರೆಗೆ ಎಲ್ಲ ತೋಟಗಳ ಪಂಪು ಒಟ್ಟಿಗೆ ಓಡುತ್ತವೆ, ಕೊನೆಯ ಕಂಬದ ಮನೆಯಲ್ಲಿ ಬಲ್ಬು ಡಿಮ್ಮಾಗುತ್ತದೆ. ಏಪ್ರಿಲ್ ಮೇಯಲ್ಲಿ ಸಂಜೆಯ ಸಿಡಿಲು. ಗುಡುಗು ಕೇಳಿಸಿದರೆ ಸಾಕು, ಟಿವಿ, ಫ್ರಿಜ್ಜು, ಮೋಡೆಮ್ಮು ಎಲ್ಲದರ ಪ್ಲಗ್ ಕೀಳುವುದು ನಮ್ಮ ಮನೆಗಳ ಹಳೆಯ ಅಭ್ಯಾಸ, ಈಗ ಸ್ಕೂಟರಿನದ್ದೂ. ಜೂನಿನ ನಂತರ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟಿಲ್ಲದೆ ಕೂತ ಮನೆಗಳು ಎಷ್ಟೋ. ಲೈನ್‌ಮ್ಯಾನ್‌ಗಳು ಆ ಮಳೆಯಲ್ಲಿ ಕಂಬ ಹತ್ತುವುದನ್ನು ನೋಡಿದವರು ಅವರನ್ನು ಬೈಯಲಾರರು.

ಸೋಲಾರ್ ಹಾಕಿಸಿದರಾಯಿತಲ್ಲ ಎನ್ನುವವರಿದ್ದಾರೆ. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಆದರೆ ಗ್ರಿಡ್ಡಿಗೆ ಜೋಡಿಸಿದ ಸೋಲಾರ್, ಲೈನಿನಲ್ಲಿ ಕರೆಂಟು ಹೋದರೆ ತಾನೂ ಆಫ್ ಆಗುತ್ತದೆ. ಲೈನು ರಿಪೇರಿ ಮಾಡುವವನಿಗೆ ಶಾಕ್ ಹೊಡೆಯಬಾರದಲ್ಲ! ಬ್ಯಾಟರಿ ಇಟ್ಟುಕೊಂಡರೆ ಮಾತು ಬೇರೆ, ಆಗ ಖರ್ಚೂ ಬೇರೆ. ಈ ಸಂಗತಿ ಪ್ಯಾನೆಲ್ ಮಾಡಿನ ಮೇಲೆ ಕೂತ ಮೇಲಷ್ಟೇ ಅನೇಕರಿಗೆ ಗೊತ್ತಾಗುವುದು.

ಇನ್ನು ರಾಜಕೀಯ. ಸುಳ್ಯದಲ್ಲಿ ಕರೆಂಟು ಯಾವತ್ತೂ ಬರೀ ಕರೆಂಟಾಗಿರಲಿಲ್ಲ. 2016ರಲ್ಲಿ ತಾಲೂಕಿನ ಬಳಕೆದಾರರೊಬ್ಬರು ಆಗಿನ ಇಂಧನ ಸಚಿವ ಡಿ.ಕೆ. ಶಿವಕುಮಾರ್ ಅವರಿಗೇ ಫೋನ್ ಮಾಡಿ ವಿದ್ಯುತ್ ಸಮಸ್ಯೆ ಕೇಳಿದ್ದು, ಮಾತಿಗೆ ಮಾತು ಬೆಳೆದು ಪೊಲೀಸ್ ಕೇಸಾದದ್ದು, 2021ರಲ್ಲಿ ಶಿವಕುಮಾರ್ ಸಾಕ್ಷಿ ಹೇಳಲು ಸುಳ್ಯ ನ್ಯಾಯಾಲಯಕ್ಕೆ ಬಂದದ್ದು ಊರಿಗೆಲ್ಲ ಗೊತ್ತು. ಆ ಜಗಳದ ಹಿಂದೆ ಇದ್ದದ್ದು ಹಳೆಯ ಕಥೆ: ಸುಳ್ಯಕ್ಕೆ 110 ಕೆವಿ ಸಬ್‌ಸ್ಟೇಷನ್ ಬೇಕಿತ್ತು, ಅದಕ್ಕೆ ಮಾಡಾವಿನ ಸಬ್‌ಸ್ಟೇಷನ್ನಿನಿಂದ ಲೈನು ಬರಬೇಕಿತ್ತು. ಲೈನು ಬರಬೇಕಾದ ದಾರಿಯಲ್ಲಿ ತೋಟಗಳಿವೆ, ಕಾಡಿದೆ. ತಂತಿಯ ಕೆಳಗೆ ಅಡಿಕೆಮರ, ತೆಂಗಿನಮರ ನಿಲ್ಲುವ ಹಾಗಿಲ್ಲ. ಕರೆಂಟು ಬೇಕೆಂದು ಮನವಿ ಕೊಟ್ಟ ಊರಿನವರೇ ಟವರು ತಮ್ಮ ತೋಟಕ್ಕೆ ಬಂದಾಗ ಆಕ್ಷೇಪ ಬರೆದರು. ಅವರದ್ದು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಮೂವತ್ತು ವರ್ಷ ಫಸಲು ಕೊಡುವ ಮರವನ್ನು ಒಮ್ಮೆ ಕೈಗಿಟ್ಟ ಪರಿಹಾರದಲ್ಲಿ ತೂಗುವುದು ಹೇಗೆ? ಚುನಾವಣೆಯಲ್ಲಿ ಸಬ್‌ಸ್ಟೇಷನ್ನಿನ ಭಾಷಣ ಮಾಡಿದವರು ಯಾರ ತೋಟದ ಮೇಲೆ ಲೈನು ಎಳೆಯಬೇಕೆಂದು ಮಾತ್ರ ಹೇಳುತ್ತಿರಲಿಲ್ಲ.

ದೇಶಕ್ಕೆ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. ರೇವಾ ಕಾರು ಹುಟ್ಟಿದ್ದೂ ಬೆಂಗಳೂರಲ್ಲೇ. ಆದರೆ ಹಣ ಗಾಡಿಯ ಹಿಂದೆ ಹೋದಷ್ಟು ಹಳ್ಳಿಯ ತಂತಿಯ ಹಿಂದೆ ಹೋಗಲಿಲ್ಲ. ಸ್ಕೂಟರಿಗೆ ಕೇಂದ್ರದ ಸಬ್ಸಿಡಿ 2021ರಲ್ಲಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿಗೆ ಏರಿತು, 2023ರ ಜೂನ್‌ನಲ್ಲಿ 10,000ಕ್ಕೆ ಇಳಿಯಿತು, ಮರುವರ್ಷ 5,000. ರಾಜ್ಯದ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು 2024ರ ಹೊತ್ತಿಗೆ 5,700 ದಾಟಿದ್ದವು, ದೇಶದಲ್ಲೇ ಹೆಚ್ಚು. ಅದರಲ್ಲಿ ಬಹುಪಾಲು ಬೆಂಗಳೂರು ನಗರದ್ದು. ಗಡಿಯಾಚೆ ಕೇರಳದಲ್ಲಿ ವಿದ್ಯುತ್ ಮಂಡಳಿಯೇ ಊರೂರಿನ ಕಂಬಗಳಿಗೆ ಸ್ಕೂಟರು, ಆಟೋಗಳ ಚಾರ್ಜಿಂಗ್ ಪೆಟ್ಟಿಗೆ ಸಿಕ್ಕಿಸಿತು, ಸಾವಿರಕ್ಕೂ ಹೆಚ್ಚು ಕಡೆ. ಇಲ್ಲಿ ಅಂಥದ್ದನ್ನು ಸಹಕಾರಿ ಸಂಘದ ಅಂಗಳದಲ್ಲೋ ಅಡಿಕೆ ಕೊಳ್ಳುವ ಕ್ಯಾಂಪ್ಕೋ ಶಾಖೆಯ ಮುಂದೋ ಹಾಕಬಹುದು. ಅಡಿಕೆ ತೂಗಿ ಚೀಟಿ ಸಿಗುವವರೆಗೆ ಹೇಗೂ ಕಾಯಲೇಬೇಕು.

ಸರ್ಕಾರಕ್ಕೂ ಒಂದು ಸಂಕಟವಿದೆ. 2024ರ ಜೂನ್‌ನಲ್ಲಿ ರಾಜ್ಯ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 29.84ಕ್ಕೆ ಏರಿಸಿತು. ಒಂದು ಕೈ ಪೆಟ್ರೋಲ್ ಬಿಡಿ ಅನ್ನುವಾಗ ಇನ್ನೊಂದು ಕೈ ಪೆಟ್ರೋಲಿನಿಂದಲೇ ಖಜಾನೆ ತುಂಬಿಸಬೇಕು. ಅದೇ ವರ್ಷ 25 ಲಕ್ಷ ರೂಪಾಯಿ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಶೇ 10 ಜೀವಿತಾವಧಿ ತೆರಿಗೆಯೂ ಬಂತು. ಆಟೋದವರ ಜಗಳ ಇನ್ನೊಂದು. 2018ರಲ್ಲಿ ಕೇಂದ್ರ ಬ್ಯಾಟರಿ ವಾಹನಗಳಿಗೆ ಪರ್ಮಿಟ್ ಬೇಡ ಎಂದಿತು. ಪರ್ಮಿಟ್ ಇದ್ದೂ ವಲಯದ ಗೆರೆ ದಾಟಲಾಗದ ಮಂಗಳೂರಿನ ಹಳೆಯ ಆಟೋದವರು, ಎಲ್ಲೆಂದರಲ್ಲಿ ಓಡುವ ಇ-ಆಟೋ ಕಂಡು ಬೀದಿಗಿಳಿದರು. ಇಬ್ಬರೂ ಸಾಲದ ಕಂತು ಕಟ್ಟುವವರೇ.

ಭಾವನ ಲೆಕ್ಕ ಇದಕ್ಕಿಂತ ಸರಳ. ತಿಂಗಳಿಗೆ ಸಾವಿರ ಕಿಲೋಮೀಟರಿಗೆ ನಲವತ್ತು ಯೂನಿಟ್. ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತವಾಗಿ ಸಿಗುವುದು 2022-23ರ ಸರಾಸರಿ ಬಳಕೆಯ ಮೇಲೆ ಚೂರು ಸೇರಿಸಿದಷ್ಟೇ. ಆ ವರ್ಷ ಮನೆಯಲ್ಲಿ ಸ್ಕೂಟರಿರಲಿಲ್ಲ, ಹಾಗಾಗಿ ಆ ನಲವತ್ತಕ್ಕೆ ದುಡ್ಡು ಕಟ್ಟಬೇಕು. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಇನ್ನೂರ ನಲವತ್ತು. ಪೆಟ್ರೋಲಾದರೆ ಎರಡು ಸಾವಿರ ದಾಟುತ್ತಿತ್ತು. ಪಂಪ್‌ಶೆಡ್ಡಿನ ಕರೆಂಟು ಹತ್ತು ಎಚ್‌ಪಿವರೆಗೆ ಉಚಿತವಲ್ಲವೇ, ಅಲ್ಲಿಂದಲೇ ಒಂದು ವಯರು ಎಳೆದರೆ ಎಂದು ಪಕ್ಕದ ಮನೆಯವರು ಸೂಚಿಸಿದ್ದರಂತೆ. ಭಾವ ಎಳೆಯಲಿಲ್ಲ. "ಕಾನೂನು ಬಿಡಿ, ಅಲ್ಲಿ ಆನೆ ಬರುತ್ತದೆ," ಎಂದರು. ತಮಾಷೆಯಲ್ಲ. 2023ರ ಏಪ್ರಿಲ್‌ನಲ್ಲಿ ಇದೇ ಅಜ್ಜಾವರದ ತೋಟದ ಕೆರೆಗೆ ನಾಲ್ಕು ಆನೆಗಳು ಬಿದ್ದಿದ್ದವು. ಸದ್ದೇ ಇಲ್ಲದ ಗಾಡಿಯಲ್ಲಿ ರಾತ್ರಿ ಮಂಡೆಕೋಲು ಕಡೆ ಹೋಗುವಾಗ ತಿರುವಿನಲ್ಲಿ ಹಾರ್ನ್ ಹೊಡೆಯುವುದನ್ನು ಅವರು ರೂಢಿ ಮಾಡಿಕೊಂಡಿದ್ದಾರೆ.

ಕಳೆದ ಸಲ ಹೋದಾಗ ಕೊಟ್ಟಿಗೆಯ ಮೂಲೆಯಲ್ಲಿ ಟಾರ್ಪಾಲು ಹೊದೆಸಿದ ಹಳೆಯ ಬೈಕು ಕಂಡಿತು. ವಾರಕ್ಕೊಮ್ಮೆ ಕಿಕ್ ಹೊಡೆದು ಐದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಾರಂತೆ. ಟ್ಯಾಂಕಿನಲ್ಲಿ ಎರಡು ಲೀಟರ್ ಯಾವಾಗಲೂ ಇರುತ್ತದೆ.

"ಇನ್ನೂ ಮಾರಲಿಲ್ಲವಾ ಭಾವ?" ಎಂದೆ.

"ಈ ಮಳೆಗಾಲ ಒಂದು ಕಳೆಯಲಿ, ನೋಡುವ," ಎಂದು ಕೊಡಪಾನ ಹಿಡಿದು ಬಚ್ಚಲ ಹಿಂದಕ್ಕೆ ಹೋದರು.